ಕೊಕ್ಕೆಗೆ ಹೆಸರು ಮಾತ್ರ

ರಾತ್ರಿ ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ
ಮಿಲ್ಲಾರಾಯ್ ಒಂದು ಸಾಲು ಅಂಟಿಸಿದಳು.
ನಲವತ್ತು ಅಕ್ಷರ, ತಲೆಬುಡವಿಲ್ಲದ್ದು,
ಕೀಬೋರ್ಡಿನ ಮೇಲೆ ಬೆಕ್ಕು ನಡೆದುಹೋದ ಹಾಗೆ.
ಟೆಸ್ಟ್ ಒಂದು ಸಲ ಪಾಸಾಗಲಿ, ಆಮೇಲೆ ತೆಗೆದರಾಯಿತು
ಅಂದುಕೊಂಡಳು. ಪಾಸಾಯಿತು. ನಿದ್ದೆ ಬಂತು.
ಆ ನಿದ್ದೆಗಣ್ಣಲ್ಲೇ ಎಲ್ಲ ಗಂಟುಕಟ್ಟಿ ಕಳಿಸಿದಳು,
ಯಾರು ಬೇಕಾದರೂ ಓದಬಹುದಾದ ಕಡೆಗೆ.

ನಾಲ್ಕೇ ನಿಮಿಷ.
ನಿದ್ದೆಯೆಂಬುದೇ ಇಲ್ಲದ ಯಾವುದೋ ಯಂತ್ರ,
ಯಾವ ದೇಶದ್ದೋ,
ಮೂಸುತ್ತ ಮೂಸುತ್ತ ಬಂದು
ಆ ನಲವತ್ತು ಅಕ್ಷರದ ಮುಂದೆ ನಿಂತಿತು.

ವಾಲ್ಪರೈಸೊ ಬಂದರಿನಲ್ಲಿ ಆಗ
ಹನ್ನೊಂದು ಸಾವಿರ ಪೆಟ್ಟಿಗೆ ಚೆರ್ರಿ
ಕಬ್ಬಿಣದ ಕಂಟೇನರುಗಳಲ್ಲಿ ಸೊನ್ನೆ ಡಿಗ್ರಿಗೆ ಮಲಗಿತ್ತು.
ಆ ಚಳಿಗೆ ಕಾವಲು ನಮ್ಮ ಐದು ಜನರ ಕೋಡ್.

ಬೆಳಿಗ್ಗೆ ಹೆರಾಲ್ಡೊ ಫೋನು ಮಾಡಿದಾಗ
ಕಿಟಕಿಯಾಚೆ ಮಂಜು. ಗುಡ್ಡದ ಬುಡದಲ್ಲಿ
ಕಾಣದ ಹಡಗೊಂದು ಕೂಗುತ್ತಿತ್ತು.
ಒಂದು ಕಂಟೇನರು ಆರು ಡಿಗ್ರಿ ಬೆಚ್ಚಗಾಗಿದೆ, ಅಂದ.
ನಾವ್ಯಾರೂ ಮುಟ್ಟಿಲ್ಲ, ಅಂದ.

"ಅಳಿಸಿಬಿಟ್ಟೆ, ಈಗಷ್ಟೇ ಅಳಿಸಿಬಿಟ್ಟೆ" ಅಂದಳು ಮಿಲ್ಲಾರಾಯ್.
ಅದೇನು ಸ್ಲೇಟೇ ಮಗೂ, ಉಗುಳು ಹಚ್ಚಿ ಒರೆಸುವುದಕ್ಕೆ?
ನಾವು ಸಾಕಿದ ಚರಿತ್ರೆ ಹೊಟ್ಟೆಕಿಚ್ಚಿನ ಶಾನುಭೋಗ:
ಬರೆದದ್ದನ್ನು ಬರೆದಿಡುತ್ತದೆ,
ಅಳಿಸಿದ್ದನ್ನೂ ಬರೆದಿಡುತ್ತದೆ,
ಯಾರು, ಎಷ್ಟು ಹೊತ್ತಿಗೆ, ಎಂಬುದನ್ನು ಸಹ.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಇನ್ನು ಬೀಗವನ್ನೇ ಬದಲಿಸಬೇಕು.

ಬದಲಿಸಲು ಕೂತಾಗ ತಿಳಿಯಿತು,
ಆ ಒಂದು ಕೀ ಎಲ್ಲೆಲ್ಲಿ ಸಂಸಾರ ಹೂಡಿದೆಯೆಂದು.
ಹೆರಾಲ್ಡೊನ ಪರದೆಯಂಚಿನ ಹಳದಿ ಚೀಟಿಯಲ್ಲಿ.
ಮಾರ್ಚ್ ತಿಂಗಳ ಹರಟೆಯಲ್ಲಿ, ಒಂದು ನಗುಮೊಗದ ಕೆಳಗೆ.
ಕೆಲಸ ಬಿಟ್ಟು ಆಂಟೊಫಗಾಸ್ತಾಕ್ಕೆ ಹೋದವನ ಲ್ಯಾಪ್‌ಟಾಪಿನಲ್ಲಿ.
ನನ್ನ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ,
ಕುಂಬಳದ ಬ್ರೆಡ್ಡಿನ ಅಳತೆಗಳ ಹಿಂದೆ.
ಕೊನೆಯದನ್ನು ನಾನು ಬಾಯಿ ಬಿಡಲಿಲ್ಲ.

ಬದಲಿಗೆ ನನ್ನ ದೊಡ್ಡಮ್ಮ ಎರ್ಮಿನಿಯಾಳ ಕತೆ ಹೇಳಿದೆ.
ಬರೋನ್ ಗುಡ್ಡದ ಕಟ್ಟಡವೊಂದರ ಕಾವಲಿನವಳು,
ಮೂವತ್ತೆರಡು ಮನೆಯ ಕೀ ಅವಳ ಗೋಡೆಯ ಮೇಲೆ.
ಯಾವುದಕ್ಕೂ ಮನೆಯ ನಂಬರಿಲ್ಲ.
ತಗಡಿನ ಬಿಲ್ಲೆಯಲ್ಲಿ ಮೊಳೆಯಿಂದ ಗೀಚಿದ ಚಿತ್ರ:
ಇದಕ್ಕೆ ಕುದುರೆ, ಅದಕ್ಕೆ ಕತ್ತರಿ, ಮತ್ತೊಂದಕ್ಕೆ ಛತ್ರಿ.
"ಬೀದಿಯಲ್ಲಿ ಬಿದ್ದರೆ ಸಿಕ್ಕವನಿಗೆ
ಬರೀ ಕಬ್ಬಿಣ ಸಿಗಲಿ, ಬಾಗಿಲು ಬೇಡ."

ಹಾಗೆಯೇ ಕೋಡಿನಲ್ಲಿ ಕುದುರೆ ಎಂದಷ್ಟೇ ಬರೆ, ಅಂದೆ.
ಕುದುರೆಯೆಂದರೆ ಯಾವ ಬಾಗಿಲು ಎಂಬುದು
ಓಡುವ ಹೊತ್ತಿಗೆ ಹೊರಗಿನಿಂದ ಬರುತ್ತದೆ.
ಹುಡುಗಿ ತಲೆಯಾಡಿಸಿದಳು. ಕತೆ ಅಲ್ಲಿಗೆ ಮುಗಿಯಬಹುದಿತ್ತು.

ಮುಗಿಯಲಿಲ್ಲ. ಆಗಸ್ಟಿನಲ್ಲಿ ದೊಡ್ಡಮ್ಮ
ಬ್ರೆಡ್ ಅಂಗಡಿಯ ಸಾಲಿನಲ್ಲಿ ನಿಂತವಳು ನಿಂತಲ್ಲೇ ಕುಸಿದಳು.
ಎರಡನೇ ವಾರಕ್ಕೆ ನಾಲ್ಕನೇ ಮಹಡಿಯಲ್ಲಿ ಪೈಪು ಒಡೆಯಿತು,
ಮನೆಯವರು ಊರಲ್ಲಿಲ್ಲ.
ಮೆಟ್ಟಿಲಿಳಿದು ಬರುತ್ತಿತ್ತು ನೀರು, ಬಾಡಿಗೆದಾರರ ಹಾಗೆ.
ನನಗೆ ಹದಿನಾಲ್ಕು ವರ್ಷ. ಬಿಲ್ಲೆಗಳ ಗೊಂಚಲು ನನ್ನ ಕೈಯಲ್ಲಿ.
ಕುದುರೆ ಅಲ್ಲ. ಕತ್ತರಿ ಅಲ್ಲ. ಮೀನು ಅಲ್ಲ.
ಹತ್ತೊಂಬತ್ತನೆಯದಕ್ಕೆ ಬಾಗಿಲು ತೆರೆಯಿತು.
ಛತ್ರಿ.
ಯಾರೂ ನಗಲಿಲ್ಲ.

ಗುಟ್ಟನ್ನು ಹಂಚಿದರೂ ಮುಳುಗು,
ಒಬ್ಬರ ಹೊಟ್ಟೆಯಲ್ಲೇ ಹೂತರೂ ಮುಳುಗು.
ಈ ಮಾತನ್ನು ಹೇಳುವಾಗ ಕಾಫಿ ಆರಿತ್ತು.

ಈಗ ತಿಜೋರಿಯೊಂದಿದೆ. ತೆರೆಯಬಲ್ಲವರು ಇಬ್ಬರು,
ತೆರೆದ ಪ್ರತಿ ಗಳಿಗೆಯೂ ದಾಖಲು.
ಪ್ರತಿ ಕೀಗೂ ಮೂವತ್ತು ದಿನದ ಆಯಸ್ಸು,
ಹಾಲಿನ ಪೊಟ್ಟಣದ ಹಾಗೆ.
ಆ ಇಬ್ಬರಲ್ಲಿ ನಾನಿಲ್ಲ; ನಾನೇ ಬೇಡವೆಂದೆ.
ಯಾಕೆಂದು ಹೆರಾಲ್ಡೊ ಕೇಳಲಿಲ್ಲ.
ರಾತ್ರಿ ಮನೆಗೆ ಹೋಗಿ ಆ ಹಾಳೆ ಹರಿದು ಒಲೆಗೆ ಹಾಕಿದೆ.
ಬ್ರೆಡ್ಡಿನ ಅಳತೆಯೂ ಹೋಯಿತು.

ಮರುದಿನ ಚೆರ್ರಿ ಹಡಗು ಹತ್ತಿತು, ಒಂದು ಕಂಟೇನರು ಕಡಿಮೆ.
ಮಿಲ್ಲಾರಾಯ್ ಹೊಸ ಕಡತ ತೆರೆದು
ಸುಮ್ಮನೆ ಕೂತಿದ್ದಳು ಸ್ವಲ್ಪ ಹೊತ್ತು.
ಕುದುರೆ, ಎಂದು ಬರೆದಳು.
ಮುಂದೆ ಸಮಚಿಹ್ನೆ ಹಾಕಿದಳು.
ಅದರ ಬಲಕ್ಕೆ
ಏನೂ ಬರೆಯಲಿಲ್ಲ.